ಗುಳಿಗೆ ಅಗ್ಗವಾಗಿದೆ, ವರದಿ ತಡವಾಗುತ್ತಿದೆ: ಮಕ್ಕಳ ಕ್ಯಾನ್ಸರ್ ಕುರಿತು ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಸಚಿವರಿಗೆ ಮತ್ತು ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ನಮಸ್ಕಾರ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದಲ್ಲಿ ಮಕ್ಕಳ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೈಜೋಡಿಸಿರುವ ವೈದ್ಯರು, ದಾದಿಯರು, ಲ್ಯಾಬ್ ತಂತ್ರಜ್ಞರು, ಫಾರ್ಮಸಿಯವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ವಿಷಯ ಒಂದೇ: ಮಾಮೂಲಿ ಚಿಕಿತ್ಸೆಗೆ ಬಗ್ಗದ, ಬಗ್ಗಿದರೂ ಮರಳಿ ಬರುವ ಕ್ಯಾನ್ಸರುಗಳ ಮಕ್ಕಳಿಗೆ ಹೊಸ ಚಿಕಿತ್ಸೆ ಹುಡುಕುವ ಕೆಲಸದಲ್ಲಿ ನಮ್ಮ ಜಿಲ್ಲೆಗಳ ಮಕ್ಕಳಿಗೂ ಜಾಗ ಸಿಗಬೇಕು. ಆ ಜಾಗ ಈಗ ತಪ್ಪುತ್ತಿರುವುದು ಬಹುಪಾಲು ಔಷಧಿಯ ಬೆಲೆಯಿಂದಲ್ಲ. ಅದಕ್ಕಿಂತ ಎಷ್ಟೋ ಮೊದಲು, ರಕ್ತ ತೆಗೆಯುವ ಸೂಜಿಯ ಹತ್ತಿರ, ಗಡ್ಡೆಯ ಚೂರು ಹಾಕುವ ಬಾಟಲಿಯ ಹತ್ತಿರ ಅದು ತಪ್ಪಿಹೋಗುತ್ತದೆ.

ಇಂಥ ಕ್ಯಾನ್ಸರುಗಳನ್ನು ವೈದ್ಯರು 'ಹೈ-ರಿಸ್ಕ್' ಎನ್ನುತ್ತಾರೆ. ಹಾಗೆಂದರೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇವೆ. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ವಯಸ್ಸು 10 ದಾಟಿದ್ದರೆ ಅಥವಾ 1ಕ್ಕಿಂತ ಕಡಿಮೆ ಇದ್ದರೆ, ಮೊದಲ ದಿನದ ಬಿಳಿ ರಕ್ತಕಣ 50,000 ಮುಟ್ಟಿದ್ದರೆ, ಫಿಲಡೆಲ್ಫಿಯಾ ಕ್ರೋಮೋಸೋಮ್ (ಎರಡು ಕ್ರೋಮೋಸೋಮುಗಳ ತುಂಡು ಅದಲುಬದಲಾಗಿ ಆದ ದೋಷ) ಸಿಕ್ಕರೆ, ಇಲ್ಲವೇ ಮೊದಲ ಐದು ವಾರದ ಚಿಕಿತ್ಸೆಯ ಕೊನೆಗೂ 10,000 ಕಣಗಳಲ್ಲಿ 1ಕ್ಕಿಂತ ಹೆಚ್ಚು ಕ್ಯಾನ್ಸರ್ ಕಣ ಉಳಿದಿದ್ದರೆ ಆ ಮಗು ಹೆಚ್ಚು ಅಪಾಯದ್ದು. ಹೆಚ್ಚಾಗಿ ಹೊಟ್ಟೆಯೊಳಗೆ ಬೆಳೆಯುವ ನ್ಯೂರೋಬ್ಲಾಸ್ಟೋಮಾದಲ್ಲಿ, ಒಂದೂವರೆ ವರ್ಷ ದಾಟಿದ ಮಗುವಿನಲ್ಲಿ ರೋಗ ಎಲುಬಿಗೋ ಮಜ್ಜೆಗೋ ಹಬ್ಬಿದ್ದರೆ, ಅಥವಾ ಎಂವೈಸಿಎನ್ ಎಂಬ ಜೀನ್ ಹಲವು ಪಟ್ಟು ಹೆಚ್ಚಿದ್ದರೆ ಅದೂ ಇದೇ ಗುಂಪು. ಇವೆಲ್ಲ ಪರೀಕ್ಷೆಯಿಂದಲೇ ತಿಳಿಯುವಂಥವು. ಮಗುವನ್ನು ನೋಡಿ ಊಹಿಸಿ ಹೇಳಲು ಬರುವುದಿಲ್ಲ.

ಲೆಕ್ಕ ಸುಲಭವಾಗಲೆಂದು ಪತ್ರದುದ್ದಕ್ಕೂ ಒಂದೇ ಅಳತೆ ಇಟ್ಟುಕೊಳ್ಳೋಣ: 14 ಕೆಜಿ ತೂಕದ, 95 ಸೆಂಟಿಮೀಟರ್ ಎತ್ತರದ, ಮೂರು ವರ್ಷದ ಮಗು. ಮೈಯ ವಿಸ್ತಾರ 0.6 ಚದರ ಮೀಟರ್. ಕ್ಯಾನ್ಸರ್ ಔಷಧಿಯ ಪ್ರಮಾಣ ಹೆಚ್ಚಾಗಿ ಈ ವಿಸ್ತಾರದ ಮೇಲೆಯೇ ನಿಲ್ಲುತ್ತದೆ.

ಮೊದಲ ಉದಾಹರಣೆ ಫಿಲಡೆಲ್ಫಿಯಾ ಕ್ರೋಮೋಸೋಮ್ ಇರುವ ರಕ್ತ ಕ್ಯಾನ್ಸರ್. ಒಂದು ಕಾಲದಲ್ಲಿ ಮಜ್ಜೆ ಕಸಿ ಬಿಟ್ಟರೆ ಇದಕ್ಕೆ ದಾರಿಯೇ ಇರಲಿಲ್ಲ. ಇಮಾಟಿನಿಬ್ ಬಂದ ಮೇಲೆ ಬಹಳ ಮಕ್ಕಳು ಕಸಿ ಇಲ್ಲದೆಯೇ ಗುಣವಾಗುತ್ತಿದ್ದಾರೆ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಈ ಔಷಧಿಯ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿದ್ದರಿಂದ ನಮ್ಮ ದೇಶದ ಕಂಪನಿಗಳ ಗುಳಿಗೆ ಕಡಿಮೆ ಬೆಲೆಗೆ ಸಿಗುವುದು ಮುಂದುವರಿಯಿತು. ಚದರ ಮೀಟರಿಗೆ ದಿನಕ್ಕೆ 340 ಮಿಗ್ರಾಂ, ಅಂದರೆ ನಮ್ಮ ಮಗುವಿಗೆ 204. 100 ಮಿಗ್ರಾಂನ ಎರಡು ಗುಳಿಗೆ. ನೀರಿನಲ್ಲಿ ಕದಡಿ ಕುಡಿಸಬಹುದು. ಆದರೆ ಇದು ಚಿಕಿತ್ಸೆಯ 15ನೇ ದಿನದ ಹೊತ್ತಿಗೆ ಶುರುವಾಗಬೇಕು, ಅದಕ್ಕೆ ಈ ಕ್ರೋಮೋಸೋಮ್ ಹುಡುಕುವ ಬಿಸಿಆರ್-ಎಬಿಎಲ್ ಪರೀಕ್ಷೆಯ ವರದಿ ಅಷ್ಟರೊಳಗೆ ಕೈಯಲ್ಲಿರಬೇಕು. ತಪ್ಪು ಟ್ಯೂಬಿನಲ್ಲಿ ಹೋದ ಸ್ಯಾಂಪಲ್, ಶುಕ್ರವಾರ ಸಂಜೆ ಕೊರಿಯರ್‌ಗೆ ಕೊಟ್ಟು ಸೋಮವಾರದವರೆಗೆ ಗೋದಾಮಿನಲ್ಲಿ ಕೂತ ಸ್ಯಾಂಪಲ್, ಹೆಸರು ಅಳಿಸಿಹೋದ ಸ್ಯಾಂಪಲ್: ಇವುಗಳಿಂದ ಮತ್ತೆ ಮಜ್ಜೆ ತೆಗೆಯಬೇಕಾಗುತ್ತದೆ, ಎರಡು ವಾರ ಕಳೆಯುತ್ತದೆ. ಅಷ್ಟರಲ್ಲಿ ಸ್ಟೀರಾಯ್ಡ್ ಶುರುವಾಗಿ ಮಜ್ಜೆಯಲ್ಲಿ ಕ್ಯಾನ್ಸರ್ ಕಣಗಳು ಕರಗಿರುತ್ತವೆ. ಹುಡುಕಿದರೂ ಉತ್ತರ ಸ್ಪಷ್ಟವಾಗಿ ಸಿಗುವುದಿಲ್ಲ.

ಸ್ಟೀರಾಯ್ಡ್ ಮಾತು ಬಂದಿದ್ದರಿಂದ ಇದನ್ನೂ ಹೇಳಲೇಬೇಕು. ಮಗುವಿಗೆ ಕೀಲುನೋವು, ಬಿಡದ ಜ್ವರ, ಕುತ್ತಿಗೆಯಲ್ಲಿ ಗಂಟು ಇದ್ದಾಗ ರಕ್ತಪರೀಕ್ಷೆ ಮಾಡಿಸದೆ ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೋಲೋನ್ ಕೊಡುವ ರೂಢಿ ಹಳ್ಳಿಯಲ್ಲೂ ಇದೆ, ಪಟ್ಟಣದಲ್ಲೂ ಇದೆ. ಮಗು ನಾಲ್ಕು ದಿನ ಆರಾಮಾಗುತ್ತದೆ, ರೋಗ ಮರೆಯಾಗುತ್ತದೆ, ಅಪಾಯದ ಗುಂಪು ನಿರ್ಧರಿಸಲು ಬೇಕಾದ ಮೊದಲ ದಿನದ ಬಿಳಿಕಣದ ಎಣಿಕೆ ಶಾಶ್ವತವಾಗಿ ಕಳೆದುಹೋಗುತ್ತದೆ. ಮೊದಲೇ ಸ್ಟೀರಾಯ್ಡ್ ಪಡೆದ ಮಗುವನ್ನು ಎಷ್ಟೋ ಸಂಶೋಧನೆಗಳು ಸೇರಿಸಿಕೊಳ್ಳುವುದೇ ಇಲ್ಲ. ಕಾರಣ ತಿಳಿಯದ ಜ್ವರ, ಎಲುಬು ನೋವು, ಊದಿದ ಗಂಟಿಗೆ ಸ್ಟೀರಾಯ್ಡ್ ಕೊಡುವ ಮೊದಲು ರಕ್ತದ ಎಣಿಕೆ ಮತ್ತು ಸ್ಮಿಯರ್ (ಗಾಜಿನ ಮೇಲೆ ಹರಡಿದ ರಕ್ತ) ನೋಡಬೇಕು ಎಂಬ ಒಂದೇ ಸಾಲಿನ ಸುತ್ತೋಲೆ ತಾಲೂಕು ಆಸ್ಪತ್ರೆಗಳಿಗೆ ಹೋದರೂ ಬಹಳ ಉಪಕಾರ.

ಇನ್ನು ಸ್ಯಾಂಪಲ್ ವಿಚಾರ. ನಾವು ಅತಿ ಹೆಚ್ಚು ಒತ್ತಿ ಹೇಳಬೇಕಾದ ಭಾಗ ಇದು.

ಮಜ್ಜೆ ತೆಗೆಯುವಾಗ ಮೊದಲ ಎಳೆತದ 1-2 ಮಿಲಿಯೇ ನಿಜವಾದ ಮಜ್ಜೆ. ಆಮೇಲೆ ಎಳೆದಷ್ಟೂ ಪಕ್ಕದ ರಕ್ತ ಬೆರೆಯುತ್ತದೆ. ಹಲವು ಪರೀಕ್ಷೆಗೆ ಬೇಕೆಂದು ಒಂದೇ ಸಲಕ್ಕೆ 8-10 ಮಿಲಿ ಎಳೆದು, ಕೊನೆಗೆ ಉಳಿದದ್ದನ್ನು ಎಂಆರ್‌ಡಿ (ಚಿಕಿತ್ಸೆಯ ನಂತರವೂ ಉಳಿದ ಕ್ಯಾನ್ಸರ್ ಕಣ ಹುಡುಕುವ ಪರೀಕ್ಷೆ) ಟ್ಯೂಬಿಗೆ ಹಾಕಿದರೆ, ರೋಗ ಇದ್ದರೂ 'ಇಲ್ಲ' ಎಂಬ ವರದಿ ಬರಬಹುದು. ಆ ಸುಳ್ಳು ವರದಿ ನಂಬಿ ಮಗುವನ್ನು ಕಡಿಮೆ ಅಪಾಯದ ಸಾಲಿಗೆ ಸೇರಿಸಿದರೆ, ರೋಗ ಮರಳಿ ಬಂದ ದಿನವೇ ತಪ್ಪು ಗೊತ್ತಾಗುವುದು. ಆದ್ದರಿಂದ ಮೊದಲ ಎಳೆತ ಎಂಆರ್‌ಡಿಗೇ ಮೀಸಲು. ಹೆಚ್ಚು ಬೇಕಾದರೆ ಸೂಜಿಯ ತುದಿ ಸ್ವಲ್ಪ ಸರಿಸಿ ಮತ್ತೆ ಎಳೆಯಬೇಕು. ಕಣಗಳನ್ನು ಬಣ್ಣದಿಂದ ಗುರುತಿಸಿ ಎಣಿಸುವ ಫ್ಲೋ ಸೈಟೋಮೆಟ್ರಿಗೂ, ಜೀನ್ ಹುಡುಕುವ ಪಿಸಿಆರ್‌ಗೂ ಇಡಿಟಿಎ ಟ್ಯೂಬ್ (ಇಡಿಟಿಎ, ಹೆಪಾರಿನ್ ಎರಡೂ ರಕ್ತ ಹೆಪ್ಪುಗಟ್ಟದಂತೆ ತಡೆಯುವಂಥವು). ಕ್ರೋಮೋಸೋಮ್ ಪರೀಕ್ಷೆಗೆ ಹೆಪಾರಿನ್ ಟ್ಯೂಬ್. ಇವು ಅದಲುಬದಲಾದರೆ ಹೆಪಾರಿನ್ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ. ಟ್ಯೂಬನ್ನು ಐಸಿನಲ್ಲಿ ಹೂಳಬಾರದು, ಏಪ್ರಿಲ್ ಬಿಸಿಲಿನ ಗದಗಿನಲ್ಲಿ ಬೈಕಿನ ಡಬ್ಬಿಯಲ್ಲೂ ಇಡಬಾರದು. 18ರಿಂದ 25 ಡಿಗ್ರಿ, ಥರ್ಮಾಕೋಲ್ ಪೆಟ್ಟಿಗೆ, ಟ್ಯೂಬಿಗೆ ತಗಲದಂತೆ ಬಟ್ಟೆ ಸುತ್ತಿದ ತಂಪು ಪ್ಯಾಕು, ಸೋರದ ಮೂರು ಪದರದ ಕಟ್ಟು, 48 ಗಂಟೆಯೊಳಗೆ ಯಂತ್ರಕ್ಕೆ. 24 ಗಂಟೆ ಆದರೆ ಇನ್ನೂ ಒಳ್ಳೆಯದು.

ಗಡ್ಡೆಯ ಚೂರಿನದು ಬೇರೆ ಕತೆ. ಹತ್ತು ಪಟ್ಟು ದ್ರವ ಇರುವ, ಅಗಲ ಬಾಯಿಯ ಬಾಟಲಿ. 10 ಪ್ರತಿಶತ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್. 6 ಗಂಟೆಗಿಂತ ಕಡಿಮೆಯೂ ಬೇಡ, 72 ಗಂಟೆಗಿಂತ ಹೆಚ್ಚೂ ಬೇಡ. ಚೂರನ್ನು ಸಲೈನಿನಲ್ಲಿ ರಾತ್ರಿಯಿಡೀ ಬಿಟ್ಟರೆ ಅದು ಕೊಳೆತು ಏನನ್ನೂ ಹೇಳದು. ಎಲುಬಿನ ಚೂರನ್ನು ಮೆತ್ತಗೆ ಮಾಡಲು ನೈಟ್ರಿಕ್ ಅಥವಾ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇಡುವುದು ಹಳೆಯ ಪದ್ಧತಿ. ಒಂದು ದಿನದಲ್ಲಿ ಕೆಲಸ ಮುಗಿಯುತ್ತದೆ ನಿಜ, ಆದರೆ ಡಿಎನ್ಎ, ಆರ್‌ಎನ್‌ಎ ಎರಡೂ ಹಾಳಾಗುತ್ತವೆ. ಎಲುಬಿನ ಕ್ಯಾನ್ಸರಾದ ಯೂಯಿಂಗ್ ಸಾರ್ಕೋಮಾವನ್ನು ಖಚಿತಪಡಿಸುವ ಜೀನ್ ಬೆಸುಗೆಯ ಪರೀಕ್ಷೆ ಆಮೇಲೆ ಆಗುವುದಿಲ್ಲ. ಇಡಿಟಿಎ ದ್ರಾವಣದಲ್ಲಿ ಇಟ್ಟರೆ ಹೆಚ್ಚು ದಿನ ಹಿಡಿಯುತ್ತದೆ, ಜೀನ್ ಉಳಿಯುತ್ತದೆ. ಎಲ್ಲಕ್ಕಿಂತ ನೋವಿನದು, 'ಸಣ್ಣ ಗಂಟು' ಎಂದು ತೆಗೆದು ಪರೀಕ್ಷೆಗೆ ಕಳಿಸದೆ ಬಿಸಾಡುವುದು. ಆ ಮಗು ತಿಂಗಳುಗಳ ನಂತರ ದೊಡ್ಡ ಗಡ್ಡೆಯೊಂದಿಗೆ ಬರುತ್ತದೆ.

ಹೊಸ ಔಷಧಿಗಳ ಸಂಶೋಧನೆಗೆ ಫಾರ್ಮಲಿನ್ ಚೂರಿನ ಜೊತೆಗೆ ತಾಜಾ ಚೂರೂ ಬೇಕು. ತೆಗೆದ ಅರ್ಧ ಗಂಟೆಯೊಳಗೆ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಬೇಕು. ಇದು ಬೆಂಗಳೂರಿನ ದೊಡ್ಡ ಸಂಸ್ಥೆಗಳಿಗೆ ಮಾತ್ರ ಸಾಧ್ಯ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಆಕಳು-ಎಮ್ಮೆಗಳ ಕೃತಕ ಗರ್ಭಧಾರಣೆಗಾಗಿ ದ್ರವ ಸಾರಜನಕದ ಕ್ಯಾನುಗಳು ನಮ್ಮ ತಾಲೂಕುಗಳ ಪಶು ಆಸ್ಪತ್ರೆಗಳಿಗೆ ತಲುಪುತ್ತಲೇ ಇವೆ. ಪಶುಸಂಗೋಪನಾ ಇಲಾಖೆಯ ಅದೇ ಪೂರೈಕೆಯಿಂದ ಹುಬ್ಬಳ್ಳಿ, ಗದಗ, ಹಾವೇರಿಯ ಸರ್ಕಾರಿ ಮೆಡಿಕಲ್ ಕಾಲೇಜುಗಳ ಶಸ್ತ್ರಚಿಕಿತ್ಸಾ ಕೊಠಡಿಗೆ ಒಂದೊಂದು ಕ್ಯಾನ್ ಬಂದರೆ ಸಾಕು. ಸಾಗಿಸುವಾಗ ಮಾತ್ರ ಒಣ ಶಿಪ್ಪರ್ (ದ್ರವವನ್ನು ಹೀರಿ ಹಿಡಿದು, ಚೆಲ್ಲಲು ಬಿಡದ ಪೆಟ್ಟಿಗೆ) ಬಳಸಬೇಕು. ಮುಚ್ಚಿದ ಗಾಡಿಯಲ್ಲಿ ದ್ರವ ಚೆಲ್ಲಿ ಆವಿಯಾದರೆ ಒಳಗೆ ಕೂತವರಿಗೆ ಉಸಿರಾಡಲು ಗಾಳಿ ಉಳಿಯುವುದಿಲ್ಲ.

ಎಂಆರ್‌ಡಿ ಪರೀಕ್ಷೆ ಹುಬ್ಬಳ್ಳಿಯಲ್ಲೇ, ಸರ್ಕಾರಿ ವ್ಯವಸ್ಥೆಯಲ್ಲೇ, ಬಡ ಮಗುವಿಗೆ ಉಚಿತವಾಗಿ ಆಗಬೇಕು. ಎಂಟು ಬಣ್ಣಗಳಿಗಿಂತ ಕಡಿಮೆಯದಲ್ಲದ ಫ್ಲೋ ಸೈಟೋಮೀಟರ್ ಬೇಕು, ಪ್ರತಿ ಸ್ಯಾಂಪಲ್‌ನಲ್ಲಿ 5 ಲಕ್ಷಕ್ಕೂ ಹೆಚ್ಚು ಕಣ ಎಣಿಸಬೇಕು. ಏಕೆಂದರೆ 10,000ಕ್ಕೆ 1ರಂತೆ ಇರುವ ಕ್ಯಾನ್ಸರ್ ಕಣಗಳು 5 ಲಕ್ಷದಲ್ಲಿ ಕೇವಲ 50. ಅದಕ್ಕಿಂತ ಚಿಕ್ಕ ಗುಂಪನ್ನು ನಂಬಿ ಮಗುವಿನ ಚಿಕಿತ್ಸೆ ಬದಲಿಸಲಾಗದು. ಯಂತ್ರ ಕೊಳ್ಳುವುದು ಸುಲಭ. ಓದಲು ಬಲ್ಲ ಕಣ್ಣು ತಯಾರಾಗಲು ವರ್ಷಗಳು ಬೇಕು. ಅಲ್ಲಿಯವರೆಗೆ ಇಲ್ಲಿ ಓಡಿಸಿದ ಪರೀಕ್ಷೆಯ ಕಂಪ್ಯೂಟರ್ ಫೈಲನ್ನು ಅನುಭವಿ ಕೇಂದ್ರಕ್ಕೆ ಅದೇ ದಿನ ಕಳಿಸಿ, ಎರಡನೆಯ ಓದು ಪಡೆಯುವ ಲಿಖಿತ ಒಪ್ಪಂದ ಮಾಡಿಕೊಡಿ.

ಈಗ ಔಷಧಿಯ ಮಾತು. ದುಬಾರಿ ಔಷಧಿ ಬೇಡವೆಂದು ನಾವು ಹೇಳುತ್ತಿಲ್ಲ. ಬ್ಲಿನಾಟುಮೊಮ್ಯಾಬ್ ನೋಡಿ. ರಕ್ತ ಕ್ಯಾನ್ಸರಿನ ಸಾಧಾರಣ ಅಪಾಯದ ಮಕ್ಕಳಲ್ಲಿ, ರೋಗ ಮರಳುವ ಸಾಧ್ಯತೆ ಇನ್ನೂ ಉಳಿದಿದ್ದವರಿಗೆ ಮಾಮೂಲಿ ಕಿಮೋಥೆರಪಿಯ ಜೊತೆ ಇದನ್ನೂ ಕೊಟ್ಟಾಗ, ಮೂರು ವರ್ಷದ ನಂತರ ರೋಗವಿಲ್ಲದೆ ಇದ್ದವರು 87.9 ಪ್ರತಿಶತದಿಂದ 96.0ಕ್ಕೆ ಏರಿದರು, ಈ ಫಲಿತಾಂಶ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಇದನ್ನು 28 ದಿನ ಹಗಲು-ರಾತ್ರಿ ನಿಲ್ಲದೆ ಪಂಪಿನಲ್ಲಿ ಹರಿಸಬೇಕು. ನಮ್ಮ ಮಗುವಿಗೆ ದಿನಕ್ಕೆ 9 ಮೈಕ್ರೋಗ್ರಾಂ. ಒಂದು ವಯಲ್‌ನಲ್ಲಿ 35 ಮೈಕ್ರೋಗ್ರಾಂ ಇರುತ್ತದೆ. ದಿನಕ್ಕೊಂದು ಚೀಲ ಕಟ್ಟಿ ಉಳಿದದ್ದನ್ನು ಚೆಲ್ಲಿದರೆ 28 ವಯಲ್ ಬೇಕು. ಅದೇ, ಕ್ರಿಮಿರಹಿತ ಕ್ಯಾಬಿನೆಟ್ಟಿನಲ್ಲಿ ಮೂರು ದಿನದ ಚೀಲ ಕಟ್ಟಿದರೆ 10 ವಯಲ್ ಸಾಕು, ನಳಿಕೆ ತುಂಬಲು ಬೇಕಾದ ಹೆಚ್ಚುವರಿಯನ್ನು ಹಿಡಿದೂ. 18 ವಯಲ್‌ಗಳ ಉಳಿತಾಯ ನಿಂತಿರುವುದು ಒಂದು ಕ್ಯಾಬಿನೆಟ್ ಮತ್ತು ತರಬೇತಾದ ಒಬ್ಬ ಫಾರ್ಮಾಸಿಸ್ಟ್ ಮೇಲೆ! ಪಂಪಿಗೆ ಬ್ಯಾಟರಿ ಇರಬೇಕು. ಕರೆಂಟ್ ಹೋಗಿ ನಾಲ್ಕು ಗಂಟೆಗಿಂತ ಹೆಚ್ಚು ನಿಂತರೆ ಮಗುವನ್ನು ಮತ್ತೆ ವಾರ್ಡಿನಲ್ಲಿಟ್ಟು ನಿಗಾ ಮಾಡುತ್ತ ಶುರುಮಾಡಬೇಕು. ಆ ನಳಿಕೆಯನ್ನು ಸಲೈನಿನಿಂದ ತೊಳೆಯಲೇಬಾರದು. ಒಳಗಿರುವ ಔಷಧಿ ಒಮ್ಮೆಲೇ ಮೈಗೆ ನುಗ್ಗಿ ಜ್ವರ, ರಕ್ತದೊತ್ತಡ ಕುಸಿತ, ಫಿಟ್ಸ್ ಬರಬಹುದು.

ಮುಂಬೈಯ ಐಐಟಿ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ, ರೋಗಿಯದೇ ಬಿಳಿಕಣ ತೆಗೆದು ಕ್ಯಾನ್ಸರ್ ಕೊಲ್ಲುವಂತೆ ಬದಲಿಸಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಕೇಂದ್ರದ ಅನುಮತಿ ಸಿಕ್ಕಿದ್ದು ನಮಗೆಲ್ಲ ಹೆಮ್ಮೆಯ ಸಂಗತಿ. ಅದು 15 ವರ್ಷ ಮೇಲ್ಪಟ್ಟವರಿಗೆ. ಚಿಕ್ಕ ಮಕ್ಕಳಿಗೆ ಇಂಥದ್ದು ದೊರಕಬೇಕಾದರೆ 14 ಕೆಜಿ ಮಗುವಿನಿಂದ ಬಿಳಿಕಣ ಬೇರ್ಪಡಿಸುವ ಕೌಶಲ ಬೇಕು; ಯಂತ್ರದ ನಳಿಕೆಗಳಲ್ಲೇ ಮಗುವಿನ ರಕ್ತದ ದೊಡ್ಡ ಪಾಲು ನಿಂತುಬಿಡುವುದರಿಂದ ಯಂತ್ರವನ್ನು ಮೊದಲೇ ದಾನಿಯ ರಕ್ತದಿಂದ ತುಂಬಿಸಿಕೊಳ್ಳಬೇಕಾಗುತ್ತದೆ.

ಆದರೂ ಹೊಸ ಚಿಕಿತ್ಸೆ ಅಂದರೆ ಹೊಸ ಔಷಧಿಯೇ ಆಗಬೇಕಿಲ್ಲ ಎಂಬುದಕ್ಕೆ ಸ್ನಾಯುವಿನ ಕ್ಯಾನ್ಸರಾದ ರಾಬ್ಡೋಮಯೋಸಾರ್ಕೋಮಾ ಸಾಕ್ಷಿ. ಯುರೋಪಿನ ತಂಡ ಅಪಾಯ ಹೆಚ್ಚಿದ್ದ 371 ಮಕ್ಕಳು ಮತ್ತು ಹರೆಯದವರಲ್ಲಿ, ಪೂರ್ತಿ ಚಿಕಿತ್ಸೆ ಮುಗಿದ ಮೇಲೆ ಅರ್ಧದಷ್ಟು ಜನಕ್ಕೆ ಇನ್ನೂ ಆರು ತಿಂಗಳು ಎರಡು ಹಳೆಯ ಔಷಧಿಗಳನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟು ನೋಡಿತು. ಐದು ವರ್ಷ ಬದುಕಿದವರು 73.7ರಿಂದ 86.5 ಪ್ರತಿಶತಕ್ಕೆ ಏರಿದರು. ವಿನೊರೆಲ್ಬಿನ್ ಚದರ ಮೀಟರಿಗೆ 25 ಮಿಗ್ರಾಂ, 28 ದಿನದ ಸುತ್ತಿನಲ್ಲಿ 1, 8, 15ನೇ ದಿನ. ಸೈಕ್ಲೋಫಾಸ್ಫಮೈಡ್ ದಿನಾ ಬಾಯಿಗೆ, ಚದರ ಮೀಟರಿಗೆ 25 ಮಿಗ್ರಾಂ. ನಮ್ಮ ಮಗುವಿಗೆ ವಿನೊರೆಲ್ಬಿನ್ 15 ಮಿಗ್ರಾಂ, ಅಂದರೆ ಒಂದೂವರೆ ಮಿಲಿ. ಸೈಕ್ಲೋಫಾಸ್ಫಮೈಡ್ ಕೂಡ ದಿನಕ್ಕೆ 15. ಗುಳಿಗೆ ಸಿಗುವುದು 50 ಮಿಗ್ರಾಂನದು. ಮನೆಯಲ್ಲಿ ಅದನ್ನು ಮುರಿದು ಪುಡಿ ಮಾಡಿದರೆ ಪುಡಿ ತಾಯಿಯ ಕೈಗೂ ಉಸಿರಿಗೂ ಸೇರುತ್ತದೆ. ವಾರದ ಮೊತ್ತ 105 ಆಗುವುದರಿಂದ ವಾರದಲ್ಲಿ ಎರಡು ದಿನ ಒಂದೊಂದು ಇಡೀ ಗುಳಿಗೆ ಎಂದು ಹೊಂದಿಸಬಹುದು. ಹೀಗೆ ಕೊಟ್ಟರೆ ಅಷ್ಟೇ ಫಲ ಬರುತ್ತದೆಯೇ ಎಂಬುದು ನಮ್ಮಂಥ ಊರುಗಳು ಸೇರಿಯೇ ಉತ್ತರಿಸಬೇಕಾದ ಸಂಶೋಧನೆಯ ಪ್ರಶ್ನೆ. ವಿನೊರೆಲ್ಬಿನ್ ರಕ್ತನಾಳಕ್ಕೆ ಮಾತ್ರ. ಚರ್ಮದಡಿ ಸೋರಿದರೆ ಮಾಂಸ ಸುಡುತ್ತದೆ, ಬೆನ್ನುಹುರಿಯ ನೀರಿಗೆ ತಪ್ಪಿ ಕೊಟ್ಟರೆ ಜೀವ ಉಳಿಯುವುದಿಲ್ಲ. ಅದಕ್ಕೇ ಬೆನ್ನಿಗೆ ಚುಚ್ಚುಮದ್ದು ಕೊಡುವ ಕೋಣೆಗೆ ಈ ಜಾತಿಯ ಔಷಧಿ ಬರಲೇಬಾರದು, ಸಿರಿಂಜಿನ ಬದಲು ಸಣ್ಣ ಚೀಲದಲ್ಲೇ ಕೊಡಬೇಕು ಎಂಬ ನಿಯಮ.

ಆ ಅಧ್ಯಯನಕ್ಕೆ 14 ದೇಶಗಳ 102 ಆಸ್ಪತ್ರೆಗಳು, ಹತ್ತು ವರ್ಷ ಬೇಕಾಯಿತು. ಮಕ್ಕಳ ಕ್ಯಾನ್ಸರ್ ಅಪರೂಪ. ಎಷ್ಟೇ ದೊಡ್ಡ ಆಸ್ಪತ್ರೆಯಾದರೂ ಒಂಟಿಯಾಗಿ ಇಂಥ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲಾರದು. ನಮ್ಮ ದೇಶದಲ್ಲೂ ದೊಡ್ಡ ಕೇಂದ್ರಗಳು ಒಂದಾಗಿ ಮಕ್ಕಳ ರಕ್ತ ಕ್ಯಾನ್ಸರಿನ ಐಸಿಕಲ್-ಎಎಲ್ಎಲ್-14 ಅಧ್ಯಯನ ನಡೆಸಿವೆ. ಇನ್ನೊಂದು ಎಲುಬಿನ ಕ್ಯಾನ್ಸರಾದ ಆಸ್ಟಿಯೋಸಾರ್ಕೋಮಾಕ್ಕೆ ಪಶ್ಚಿಮದವರು ಬಳಸುವ, ರಕ್ತದಲ್ಲಿ ಔಷಧಿಯ ಮಟ್ಟ ಮತ್ತೆ ಮತ್ತೆ ಅಳೆಯಲೇಬೇಕಾದ ಭಾರೀ ಪ್ರಮಾಣದ ಮೆಥೊಟ್ರೆಕ್ಸೇಟ್ ಬಿಟ್ಟು, ನಮ್ಮ ಸ್ಥಿತಿಗೆ ಹೊಂದುವ ಕ್ರಮವನ್ನು ಟಾಟಾ ಮೆಮೋರಿಯಲ್‌ನವರು ರೂಪಿಸಿದ್ದಾರೆ. ನಾವು ಕೇಳುವುದು ಇಂಥ ಜಾಲಗಳಲ್ಲಿ ಹುಬ್ಬಳ್ಳಿಯೂ ಒಂದು ಕೊಂಡಿಯಾಗಲಿ ಎಂದು. ಮನುಷ್ಯರಿಗೆ ಮೊದಲ ಸಲ ಔಷಧಿ ಕೊಡುವ ಹಂತ 1ರ ಪರೀಕ್ಷೆ ಇಲ್ಲಿ ಈಗಲೇ ಬೇಡ. ಅದಕ್ಕೆ ಬೇಕಾದ ಮಕ್ಕಳ ಐಸಿಯು, ರಾತ್ರಿಯೂ ತೆರೆದಿರುವ ಲ್ಯಾಬು, ಕೇಳಿದ ಕೂಡಲೇ ಪ್ಲೇಟ್‌ಲೆಟ್ ಮೊದಲು ಗಟ್ಟಿಯಾಗಲಿ. ಬಳಕೆಯಲ್ಲಿರುವ ಅತ್ಯುತ್ತಮ ಚಿಕಿತ್ಸೆಯನ್ನೂ ಅದಕ್ಕೆ ಒಂದನ್ನು ಕೂಡಿಸಿದ್ದನ್ನೂ ಹೋಲಿಸುವ ಹಂತ 3ರ ಅಧ್ಯಯನಗಳಿಂದ ಶುರುಮಾಡೋಣ.

ಆಗ ತಂದೆ-ತಾಯಿ ಕೇಳುವ ಮೊದಲ ಪ್ರಶ್ನೆ ಗೊತ್ತೇ ಇದೆ: "ನಮ್ಮ ಕೂಸಿನ ಮ್ಯಾಲ ಪ್ರಯೋಗ ಮಾಡ್ತೀರೇನ್ರಿ?" ಅವರು ಕೇಳುವುದು ಸರಿ. ಉತ್ತರ ನೇರವಾಗಿರಬೇಕು. 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಂತೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಅಧ್ಯಯನದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿಯಂತೆ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಸಮ್ಮತಿ, 12ರಿಂದ 18ರವರ ಲಿಖಿತ ಸಮ್ಮತಿಯನ್ನೂ ಪಡೆಯಬೇಕು. ಒಪ್ಪಿಗೆ ಪತ್ರ ಇಂಗ್ಲಿಷಿನಿಂದ ತರ್ಜುಮೆಯಾಗಿ ಬಂದ ಹತ್ತಿಪ್ಪತ್ತು ಪುಟದ ಗೊಂಡಾರಣ್ಯ ಆಗಬಾರದು. 'ಯಾದೃಚ್ಛಿಕ ಹಂಚಿಕೆ' ಎಂದರೆ ಯಾರಿಗೂ ತಿಳಿಯದು. 'ಚೀಟಿ ಎತ್ತಿದಂತೆ, ಯಾವ ಗುಂಪು ಎಂಬುದನ್ನು ಡಾಕ್ಟರೂ ಆರಿಸುವುದಿಲ್ಲ' ಎಂದರೆ ಬ್ಯಾಡಗಿಯ ರೈತನಿಗೂ ತಿಳಿಯುತ್ತದೆ. ಯಾವ ಹಂತದಲ್ಲಿ ಬೇಡವೆಂದರೂ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ ಎಂಬ ಸಾಲು ದಪ್ಪ ಅಕ್ಷರದಲ್ಲಿರಬೇಕು.

ಚಿಕಿತ್ಸೆಯನ್ನು ನಡುವೆ ಬಿಡುವುದು ಇನ್ನೊಂದು ಗಂಡಾಂತರ. ಸತತ ನಾಲ್ಕು ವಾರ ಬಾರದಿದ್ದರೆ ಚಿಕಿತ್ಸೆ ಕೈಬಿಟ್ಟಂತೆ ಎಂದು ಜಗತ್ತಿನಾದ್ಯಂತ ಲೆಕ್ಕ. ನಾಲ್ಕು ವಾರ ಕಾಯುತ್ತ ಕೂತರೆ ರೋಗ ಕಾಯುವುದಿಲ್ಲ. ತಪ್ಪಿದ ದಿನವೇ ಸಂಜೆಯೊಳಗೆ ಫೋನ್ ಹೋಗಬೇಕು. ಮೆಣಸಿನಕಾಯಿ ಬಿಡಿಸುವ ಹಂಗಾಮಿನಲ್ಲಿ, ಹತ್ತಿ ಬಿಡಿಸುವಾಗ, ಕೂಲಿಗೆ ಗೋವಾಕ್ಕೋ ಮಂಗಳೂರಿಗೋ ಗುಳೆ ಹೋಗುವಾಗ ಹೆಚ್ಚು ಜನ ತಪ್ಪುತ್ತಾರೆ. ಶಕ್ತಿ ಯೋಜನೆಯಿಂದ ತಾಯಿಯ ಬಸ್ ಖರ್ಚು ಹೋಗಿದೆ. ಊಟ, ವಸತಿ, ಕಳೆದುಕೊಂಡ ಕೂಲಿ ಉಳಿದಿವೆ. ಹುಬ್ಬಳ್ಳಿಯಲ್ಲಿ ಆಸ್ಪತ್ರೆಗೆ ಹತ್ತಿರ, ಅಡುಗೆಮನೆಯುಳ್ಳ ವಸತಿ ಬೇಕು. ಅಪೌಷ್ಟಿಕತೆಯನ್ನು ತೂಕದಿಂದ ಅಳೆಯಬೇಡಿ ಎಂದು ಅಂಗನವಾಡಿಗೂ ತಿಳಿಸಿ: ಹೊಟ್ಟೆಯೊಳಗಿನ ಗಡ್ಡೆಯೂ ತಕ್ಕಡಿಯಲ್ಲಿ ತೂಗುತ್ತದೆ. ತೋಳಿನ ಸುತ್ತಳತೆಯೇ ನಿಜ ಹೇಳುವುದು.

ಮತ್ತು ಜ್ವರ. ಬಿಳಿಕಣ ಕುಸಿದ ಮಗುವಿಗೆ ಒಮ್ಮೆ 38.3 ಡಿಗ್ರಿ ಸೆಲ್ಸಿಯಸ್, ಅಥವಾ ಒಂದು ತಾಸು 38 ಇದ್ದರೆ, 60 ನಿಮಿಷದೊಳಗೆ ಆಂಟಿಬಯಾಟಿಕ್ ರಕ್ತನಾಳಕ್ಕೆ ಹೋಗಬೇಕು. ರೋಣದಿಂದ, ಹಾನಗಲ್ಲಿನಿಂದ ಹುಬ್ಬಳ್ಳಿಗೆ ಅಷ್ಟರಲ್ಲಿ ಬರಲಾಗದು. ಮೊದಲ ಡೋಸ್ ತಾಲೂಕು ಆಸ್ಪತ್ರೆಯಲ್ಲೇ ಆಗಬೇಕು: ಸೆಫೆಪೈಮ್ ಕೆಜಿಗೆ 50 ಮಿಗ್ರಾಂ, ನಮ್ಮ ಮಗುವಿಗೆ 700. ಆಮೇಲೆ ಆಂಬುಲೆನ್ಸ್. ಈ ಮಕ್ಕಳಿಗೆ ಸೊಂಟಕ್ಕೆ ಸೂಜಿ ಚುಚ್ಚಬಾರದು, ಗುದದ್ವಾರದಲ್ಲಿ ಥರ್ಮಾಮೀಟರ್ ಇಡಬಾರದು. ಪ್ರತಿ ಮಗುವಿನ ಕೈಯಲ್ಲಿ ಇದನ್ನೆಲ್ಲ ಬರೆದ ಕನ್ನಡದ ಒಂದು ಹಳದಿ ಕಾರ್ಡು, ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಆ ಔಷಧಿಯ ಎರಡು ವಯಲ್. ಇಷ್ಟಕ್ಕೆ ಯಾವ ದೊಡ್ಡ ಬಜೆಟ್ಟೂ ಬೇಡ. ಎಷ್ಟೇ ಹೊಸ ಔಷಧಿ ಬಂದರೂ ಜ್ವರದಲ್ಲಿ ಹೋದ ಮಗುವಿಗೆ ಅದರಿಂದ ಏನೂ ಸಿಕ್ಕಂತಾಗಲಿಲ್ಲ.

ಕೆಲವು ಮಕ್ಕಳಿಗೆ ಇಂದಿಗೂ ಗುಣಪಡಿಸುವ ದಾರಿ ಇಲ್ಲ. ಮಿದುಳಿನ ಕಾಂಡದಲ್ಲಿ ಬೆಳೆಯುವ ಡಿಐಪಿಜಿ ಗಡ್ಡೆಗೆ ರೇಡಿಯೇಷನ್ ಕೊಟ್ಟರೂ ಹೆಚ್ಚಿನವರು ಒಂದು ವರ್ಷದ ಆಸುಪಾಸಿನಲ್ಲೇ ಹೋಗುತ್ತಾರೆ. ಈ ಗುಂಪಿನ ಗಡ್ಡೆಗಳಲ್ಲಿ ಒಂದು ಜೀನ್ ದೋಷ ಇದ್ದು, ರೋಗ ಮತ್ತೆ ಹೆಚ್ಚಿದವರಿಗೆ ಡೋರ್ಡಾವಿಪ್ರೋನ್ ಎಂಬ ಔಷಧಿಗೆ ಅಮೆರಿಕ 2025ರ ಆಗಸ್ಟಿನಲ್ಲಿ ಷರತ್ತಿನ ಅನುಮತಿ ಕೊಟ್ಟಿದೆ. ಅದು ಇಲ್ಲಿಗೆ ಬರುವವರೆಗೆ, ಬಂದ ಮೇಲೂ, ನೋವು ಕಳೆಯುವುದು ನಮ್ಮ ಕೆಲಸ. 14 ಕೆಜಿ ಮಗುವಿಗೆ ಬಾಯಿಂದ ಕೊಡುವ ಮಾರ್ಫಿನ್ ನಾಲ್ಕು ತಾಸಿಗೊಮ್ಮೆ ಸುಮಾರು 3 ಮಿಗ್ರಾಂ. 10 ಮಿಗ್ರಾಂ ಗುಳಿಗೆಯಿಂದ ಅದನ್ನು ಅಳೆಯಲು ಬರುವುದಿಲ್ಲ, ಸಿರಪ್ ಬೇಕು. 2014ರಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿಯಾಗಿ, ಮಾನ್ಯತೆ ಪಡೆದ ಆಸ್ಪತ್ರೆ ಹಲವು ಪರವಾನಗಿಗಳ ಹಿಂದೆ ಅಲೆಯದೆ ಮಾರ್ಫಿನ್ ಇಟ್ಟುಕೊಳ್ಳಲು ದಾರಿಯಾಗಿದೆ. ಮೂರೂ ಜಿಲ್ಲೆಗಳ ಜಿಲ್ಲಾಸ್ಪತ್ರೆಗಳಿಗೆ ಆ ಮಾನ್ಯತೆ ಇದೆಯೇ, ಸಿರಪ್ ದಾಸ್ತಾನು ಇದೆಯೇ ಎಂದು ದಯವಿಟ್ಟು ಈ ತಿಂಗಳೇ ತಪಾಸಣೆ ಮಾಡಿಸಿ. ನ್ಯೂರೋಬ್ಲಾಸ್ಟೋಮಾಕ್ಕೆ ಕೊಡುವ, ಗಡ್ಡೆಯ ಕಣಗಳಿಗೆ ಅಂಟಿ ಅವನ್ನು ಕೊಲ್ಲಿಸುವ ಜಿಡಿ2 ಪ್ರತಿಕಾಯ ನರಗಳಿಗೂ ಅಂಟಿ ಭಯಂಕರ ನೋವು ತರುತ್ತದೆ. ಮಾರ್ಫಿನ್ ಸಿಗದ ಊರಿನಲ್ಲಿ ಆ ಹೊಸ ಔಷಧಿಯನ್ನೂ ಕೊಡಲಾಗದು.

ಮಾನ್ಯರೇ, ಮೊದಲ ಹೆಜ್ಜೆಗೆ ಕಟ್ಟಡ ಬೇಕಿಲ್ಲ. ಗದಗಿನಿಂದಲೂ ಹಾವೇರಿಯಿಂದಲೂ ವಾಯವ್ಯ ಸಾರಿಗೆಯ ಬಸ್ಸುಗಳು ದಿನವಿಡೀ ಹುಬ್ಬಳ್ಳಿಗೆ ಬರುತ್ತವೆ. ಪ್ರತಿದಿನ, ಶನಿವಾರ-ಭಾನುವಾರ ಸೇರಿ, ಸಂಜೆ 4ಕ್ಕೆ ಎರಡೂ ಊರುಗಳಿಂದ ಒಂದೊಂದು ಸ್ಯಾಂಪಲ್ ಪೆಟ್ಟಿಗೆ ಹೊರಡಲಿ. ಹುಬ್ಬಳ್ಳಿಯಲ್ಲಿ ಒಬ್ಬರು ಅದನ್ನು ತೆಗೆದುಕೊಂಡು, ಟ್ಯೂಬು, ಹೆಸರು, ಸಮಯ ನೋಡಿ, ಇಲ್ಲಿ ಆಗದ್ದನ್ನು ರಾತ್ರಿಯ ರೈಲಿಗೆ ಬೆಂಗಳೂರಿಗೆ ಕಳಿಸಲಿ. ಪೆಟ್ಟಿಗೆಯೊಳಗೆ ಏನಿರಬೇಕು, ಯಾವ ಬಣ್ಣದ ಮುಚ್ಚಳದ ಟ್ಯೂಬಿಗೆ ಏನು ಹಾಕಬೇಕು ಎಂಬ ಒಂದು ಪುಟದ ಕನ್ನಡ ಸೂಚನೆಯನ್ನು ಬರೆದುಕೊಡಲು, ಮೂರೂ ಜಿಲ್ಲೆಗಳ ಲ್ಯಾಬ್ ಸಿಬ್ಬಂದಿಗೆ ಕಲಿಸಲು ನಾವು ತಯಾರಿದ್ದೇವೆ. ಆದೇಶ ನಿಮ್ಮದಾಗಬೇಕು.

ಇಂತಿ ತಮ್ಮ ವಿಶ್ವಾಸಿಗಳು,
ಮಕ್ಕಳ ಕ್ಯಾನ್ಸರ್ ಚಿಕಿತ್ಸೆಯಲ್ಲಿ ತೊಡಗಿರುವ ವೈದ್ಯರು, ದಾದಿಯರು, ಲ್ಯಾಬ್ ಮತ್ತು ಫಾರ್ಮಸಿ ಸಿಬ್ಬಂದಿ
ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ